ರಿಜಿಸ್ಟರಿನಲ್ಲಿ ‘ಪ್ಲಸ್ ಐದು’

ಗೋಕರ್ಣದ ಕಡೆಯ ಹೋಂಸ್ಟೇ ಯಜಮಾನರೊಬ್ಬರು ಒಂದು ಬೆಳಿಗ್ಗೆ ಕುಮಟಾದ ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಪೇಪರಿನ ಒಂದು ತುಂಡು. ದೇಶದಲ್ಲಿ ಒಂದೇ ವರ್ಷಕ್ಕೆ 251 ಕೋಟಿ ಪ್ರವಾಸಿಗರು ಅಂತ ಅದರಲ್ಲಿ ಸುದ್ದಿ.

“ಮಾರಾಯ್ರೆ, ಇಷ್ಟು ಜನ ತಿರುಗ್ತಾ ಇದ್ರೆ ನಾನು ಇನ್ನೂ ಆರು ರೂಮು ಕಟ್ಟಿಸೂದೇ ಸೈ. ಬ್ಯಾಂಕಿಗೆ ಕೊಡೂಕೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಮಾಡ್ಕೊಡಿ.”

ಸುದ್ದಿ ಓದಿದೆ. ಅಂಕಿ ಸುಳ್ಳಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ್ದೇ, 2023ರದ್ದು. ಆದರೆ ಈ ದೇಶದಲ್ಲಿ ಇರುವುದೇ ಸುಮಾರು 140 ಕೋಟಿ ಜನ. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಅಜ್ಜಿ ಎಲ್ಲ ಸೇರಿ. ಹಾಗಾದರೆ 251 ಕೋಟಿ ಪ್ರವಾಸಿಗರು ಎಲ್ಲಿಂದ ಬಂದರು?

ಪೇಪರಿನವರು ಒಂದು ಪದ ನುಂಗಿದ್ದರು. ಸಚಿವಾಲಯ ಹೇಳಿದ್ದು ‘ಪ್ರವಾಸಿ ಭೇಟಿ’. ಭೇಟಿ ಬೇರೆ, ಜನ ಬೇರೆ. ಈ ಒಂದು ಪದ ಬಿಟ್ಟುಹೋದರೆ ಎಷ್ಟು ಸಿಮೆಂಟು, ಎಷ್ಟು ಕಬ್ಬಿಣ ವ್ಯರ್ಥವಾಗುತ್ತದೆ ಅನ್ನುವುದು ನನಗೆ ಗೊತ್ತು. ಹೊನ್ನಾವರದಿಂದ ಅಂಕೋಲೆಯವರೆಗಿನ ಲಾಡ್ಜು, ಹೋಂಸ್ಟೇಗಳ ಲೆಕ್ಕ ಬರೆದೇ ನಾನು ಹೊಟ್ಟೆ ಹೊರೆಯುವುದು.

ಎಣಿಕೆ ಶುರುವಾಗುವುದು ಲಾಡ್ಜಿನ ರಿಜಿಸ್ಟರಿನಿಂದ. ದಪ್ಪ ರಟ್ಟಿನ ಉದ್ದ ಪುಸ್ತಕ. ಹೆಸರು, ಊರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಎಷ್ಟು ಜನ, ಬಂದ ಹೊತ್ತು, ಹೋದ ಹೊತ್ತು, ಸಹಿ. ಬೆಳಿಗ್ಗೆ ಐದೂವರೆಗೆ ಬಸ್ಸಿಳಿದು ಬಂದವರು ಕಣ್ಣುಜ್ಜುತ್ತಾ ಬರೆಯುತ್ತಾರೆ. ಮನೆಯ ಯಜಮಾನರ ಹೆಸರು ಒಂದು, ಅದರ ಪಕ್ಕ ‘+5’. ಆ ಐವರಲ್ಲಿ ಮಕ್ಕಳೆಷ್ಟು, ಯಾರು ಯಾರು, ಏನೂ ಇಲ್ಲ. ‘ಎಲ್ಲಿಗೆ’ ಅನ್ನುವ ಕಾಲಮ್ಮಿನಲ್ಲಿ ಹತ್ತರಲ್ಲಿ ಒಂಬತ್ತು ಜನ ಬರೆಯುವುದು ‘ಊರಿಗೆ’. ತಿಂಗಳ ಕೊನೆಗೆ ಮ್ಯಾನೇಜರ್ ಹುಡುಗ ಇದನ್ನೆಲ್ಲ ಕೂಡಿಸುತ್ತಾನೆ. ಪ್ಲಸ್ ಐದನ್ನು ಒಮ್ಮೆ ಐದು ಅನ್ನುತ್ತಾನೆ, ಒಮ್ಮೆ ಆರು. ಕೆಲವು ಸಲ ರೂಮನ್ನಷ್ಟೇ ಎಣಿಸಿ ಎರಡರಿಂದ ಗುಣಿಸುತ್ತಾನೆ. ಇಂಥ ಲೆಕ್ಕಗಳೇ ರಾಜ್ಯದ ಇಲಾಖೆ ಸೇರಿ, ಅಲ್ಲಿಂದ ದೆಹಲಿಗೆ ಹೋಗಿ ಕೋಟಿಗಳಾಗುವುದು.

ಹುಡುಗನನ್ನು ಬೈಯುವ ಹಕ್ಕು ನನಗಿಲ್ಲ. ಈ ಕೆಲಸಕ್ಕಿಳಿದ ಮೊದಲ ವರ್ಷ ನಾನು ಕುಡ್ಲೆ ಬೀಚಿನ ಒಂದು ಜಾಗದ ತಿಂಗಳ ಲೆಕ್ಕ ಮಾಡಿದ್ದೆ. ದಿನಾ ರಾತ್ರಿ ಎಷ್ಟು ಜನ ಇದ್ದರು ಅನ್ನುವ ಹಾಳೆಗಳನ್ನು ಸುಮ್ನೆ ಕೂಡಿಸಿಬಿಟ್ಟೆ. ಅಲ್ಲಿ ಒಬ್ಬ ವಿದೇಶಿ ಇಡೀ ತಿಂಗಳು ಗುಡಿಸಲು ಹಿಡಿದು ಕೂತಿದ್ದ. ನನ್ನ ಲೆಕ್ಕದಲ್ಲಿ ಅವನೊಬ್ಬನೇ ಮೂವತ್ತು ಮಂದಿ ಆದ. ಜಾಗದ ಮಾಲೀಕರಿಗೆ ಖುಷಿಯೋ ಖುಷಿ. ತಪ್ಪು ಗೊತ್ತಾಗಿದ್ದು ಮುಂದಿನ ತಿಂಗಳು. ಅವನು ಹಂಪಿಗೆ ಹೊರಟುಹೋಗಿದ್ದ, ನಮ್ಮ ‘ಪ್ರವಾಸೋದ್ಯಮ’ ಧಡಾರನೆ ಬಿದ್ದಿತ್ತು.

ಈಗ ಹುಬ್ಬಳ್ಳಿಯ ಒಂದು ಸಂಸಾರ ಕಾರಿನಲ್ಲಿ ಹೊರಟಿದೆ ಅಂದುಕೊಳ್ಳಿ. ಐದು ಜನ. ಬೆಳಿಗ್ಗೆ ಶಿರಸಿಯಲ್ಲಿ ಮಾರಿಕಾಂಬೆಗೆ ಕೈಮುಗಿದರು. ಮಧ್ಯಾಹ್ನ ಯಾಣದ ಬಂಡೆ ನೋಡಿದರು. ರಾತ್ರಿ ಗೋಕರ್ಣದಲ್ಲಿ ಉಳಿದರು. ಮರುದಿನ ಮುರ್ಡೇಶ್ವರ, ಅಲ್ಲಿಂದ ಹಿಂದಕ್ಕೆ ಬಂದು ಕಾರವಾರದ ಟಾಗೋರ್ ಬೀಚಿನಲ್ಲಿ ಸಂಜೆ ಕಳೆದು ಮನೆಗೆ. ಬರೀ ಲಾಡ್ಜಿನ ಲೆಕ್ಕ ಹಿಡಿದರೆ ಇದು ಐದು. ಒಂದೊಂದು ಜಾಗದಲ್ಲೂ ತಲೆ ಎಣಿಸಿದರೆ ಇಪ್ಪತ್ತೈದು. ನಿಜವಾಗಿ ನಮ್ಮ ಜಿಲ್ಲೆಗೆ ಸಿಕ್ಕಿದ್ದು ಐದು ಜನ, ಒಂದು ರಾತ್ರಿ, ಎರಡು ರೂಮು. ಎರಡನೆಯ ರೂಮಿಗೂ ಚೌಕಾಶಿ ಆಗಿರುತ್ತದೆ ಅನ್ನಿ.

ಒಂದೊಂದು ರಾಜ್ಯದ ಎಣಿಕೆಯೂ ಒಂದೊಂದು ಥರ. 2023ರಲ್ಲಿ ಉತ್ತರ ಪ್ರದೇಶಕ್ಕೆ ಸುಮಾರು 48 ಕೋಟಿ ಭೇಟಿ, ಕರ್ನಾಟಕಕ್ಕೆ ಸುಮಾರು 28 ಕೋಟಿ. ಕಾಶಿಗೆ ಬರುವ ಭಕ್ತರನ್ನೂ ಬೀಚಿಗೆ ಬರುವ ಬೆಂಗಳೂರು ಹುಡುಗರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಲೆಕ್ಕ ಇದು. 2025ರ ಪ್ರಯಾಗರಾಜ್ ಕುಂಭಮೇಳಕ್ಕೆ 45 ದಿನದಲ್ಲಿ 66 ಕೋಟಿಗೂ ಜಾಸ್ತಿ ಜನ ಬಂದರು ಅಂತ ಅಲ್ಲಿನ ಸರ್ಕಾರ ಹೇಳಿತು. ನಮ್ಮ ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡಕಿಬೈಲಿನ ಗದ್ದುಗೆಯ ಮುಂದೆ ಬೆಳಿಗ್ಗೆ ಹಣ್ಣುಕಾಯಿ ಮಾಡಿಸಿದವರೇ ಸಂಜೆ ಮೊಮ್ಮಕ್ಕಳನ್ನು ತೊಟ್ಟಿಲು ಆಡಿಸಲು ಮತ್ತೆ ಬರುತ್ತಾರೆ. ಅವರು ಒಬ್ಬರೋ, ಇಬ್ಬರೋ? ಪಕ್ಕದ ಹಳ್ಳಿಯಿಂದ ಬಂದವರು ಪ್ರವಾಸಿಗರೋ, ಅಲ್ಲವೋ? ದಿನಾ ತಿರುಗಾಡುವ ಜಾಗ ಬಿಟ್ಟು ಬೇರೆ ಕಡೆ ಹೋಗಿ ಒಂದು ರಾತ್ರಿಯಾದರೂ ಉಳಿದವನು ಪ್ರವಾಸಿ, ಅದೇ ದಿನ ಹಿಂದಿರುಗಿದವನು ಬರೀ ದಿನದ ಸಂದರ್ಶಕ ಅಂತ ವಿಶ್ವಸಂಸ್ಥೆಯ ಪ್ರವಾಸೋದ್ಯಮ ವಿಭಾಗದ ವ್ಯಾಖ್ಯೆ ಇದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಅದನ್ನು ಯಾರು ಕೇಳುತ್ತಾರೆ?

ವಿದೇಶಿಯರ ಎಣಿಕೆ ಇದಕ್ಕಿಂತ ಗಟ್ಟಿ. ವಿಮಾನ ನಿಲ್ದಾಣದಲ್ಲೋ ಗಡಿಯಲ್ಲೋ ಪಾಸ್‌ಪೋರ್ಟಿಗೆ ಠಸ್ಸೆ ಬೀಳಲೇಬೇಕು. 2019ರಲ್ಲಿ ಭಾರತಕ್ಕೆ ಬಂದವರು 1 ಕೋಟಿ 9 ಲಕ್ಷ. ಆದರೆ ಅದೇ ವರ್ಷ ಎಲ್ಲ ರಾಜ್ಯಗಳು ಕೊಟ್ಟ ವಿದೇಶಿಯರ ಲೆಕ್ಕ ಕೂಡಿಸಿದರೆ 3 ಕೋಟಿ 14 ಲಕ್ಷ. ಇಲ್ಲಿ ಮೋಸ ಇಲ್ಲ. ದೆಹಲಿಯಲ್ಲಿ ಇಳಿದವನು ಆಗ್ರಾ ನೋಡಿ, ಗೋವಾದಲ್ಲಿ ಕುಣಿದು, ಗೋಕರ್ಣಕ್ಕೆ ಬಂದರೆ ನಾಲ್ಕು ರಾಜ್ಯದ ಪುಸ್ತಕದಲ್ಲೂ ಅವನ ಹೆಸರು.

ಇದರಲ್ಲೂ ಒಂದು ತಿರುವಿದೆ. 2023ರಲ್ಲಿ ಬಂದ ವಿದೇಶಿಯರು ಸುಮಾರು 95 ಲಕ್ಷ. ಕೊರೊನಾಕ್ಕೆ ಮುಂಚಿನ ಮಟ್ಟ ಮುಟ್ಟಿಲ್ಲ. ಆದರೆ ಅನಿವಾಸಿ ಭಾರತೀಯರನ್ನೂ ಸೇರಿಸಿದ ಇನ್ನೊಂದು ಲೆಕ್ಕ ಇದೆ. ಅದರಲ್ಲಿ 2019ಕ್ಕೆ 1 ಕೋಟಿ 79 ಲಕ್ಷ, 2023ಕ್ಕೆ 1 ಕೋಟಿ 89 ಲಕ್ಷ. ಅಂದರೆ ಹಳೆಯ ಮಟ್ಟ ದಾಟಿ ಆಯಿತು! ಒಂದೇ ವರ್ಷ, ಒಂದೇ ಸಚಿವಾಲಯ. ಭಾಷಣಕ್ಕೆ ಯಾವುದು ಬೇಕೋ ಅದನ್ನು ಎತ್ತಿಕೊಳ್ಳಬಹುದು.

ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಇದು ಇನ್ನೂ ಮಜಾ. ಅಮೆರಿಕದಲ್ಲಿರುವ ಮಕ್ಕಳು ಮನೆಯ ಉಪನಯನಕ್ಕೆ ಬರುತ್ತಾರೆ. ದೊಡ್ಡ ಮಗನಿಗೆ ಅಲ್ಲಿನ ಪಾಸ್‌ಪೋರ್ಟ್ ಆಗಿದ್ದರೆ ಅವನು ವಿದೇಶಿ ಪ್ರವಾಸಿ. ಚಿಕ್ಕವನದು ಇನ್ನೂ ಇಲ್ಲಿನ ಪಾಸ್‌ಪೋರ್ಟಾದರೆ ಅವನು ಅನಿವಾಸಿ ಭಾರತೀಯ. ಇಬ್ಬರೂ ಒಂದೇ ಜಗಲಿಯಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಹೋಳಿಗೆ ಉಂಡು ವಾಪಸ್ ಹೋಗುತ್ತಾರೆ. ಲಾಡ್ಜಿನ ಮುಖ ಇಬ್ಬರೂ ನೋಡುವುದಿಲ್ಲ.

ಇನ್ನೊಂದು ಮಾತು. ಕೊರೊನಾಕ್ಕೆ ಮುಂಚೆಯೂ 2023ರಲ್ಲೂ ನಮ್ಮ ದೇಶಕ್ಕೆ ಅತಿ ಹೆಚ್ಚು ವಿದೇಶಿಯರು ಬಂದದ್ದು ಬಾಂಗ್ಲಾದೇಶದಿಂದ. ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಆಮೇಲೆ ಅಮೆರಿಕ, ಬ್ರಿಟನ್. ಬಾಂಗ್ಲಾದವರು ಕೋಲ್ಕತ್ತಾಗೆ ಆಸ್ಪತ್ರೆ, ನೆಂಟರು, ಖರೀದಿ ಅಂತ ಬರುತ್ತಿದ್ದವರು. ಓಂ ಬೀಚಿಗಲ್ಲ. ಆದ್ದರಿಂದ ದೇಶದ ಅಂಕಿ ಏರಿದಾಗ ನಮ್ಮ ಕರಾವಳಿಯ ಯಜಮಾನರು ಹಿಗ್ಗುವುದೂ ಬೇಡ, ಇಳಿದಾಗ ಕುಗ್ಗುವುದೂ ಬೇಡ. ನಮ್ಮಲ್ಲಿ ವಿದೇಶಿ ಉಳಿದರೆ 24 ಗಂಟೆಯೊಳಗೆ ಪೊಲೀಸ್ ವ್ಯವಸ್ಥೆಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಎಲ್ಲರ ಬಾಯಲ್ಲಿ ಅದು ‘ಸಿ ಫಾರ್ಮ್’. ಗೋಕರ್ಣಕ್ಕೆ ಎಷ್ಟು ವಿದೇಶಿಯರು ಬಂದರು ಅಂತ ತಿಳಿಯಬೇಕಾದರೆ ದೆಹಲಿಯ ಅಂಕಿಗಿಂತ ಅದೇ ನಂಬಿಕೆಯದು.

ಆದರೆ ಹರಿವು ಯಾವ ಕಡೆ ತಿರುಗಿದೆ ಅನ್ನುವುದನ್ನು ದೇಶದ ಅಂಕಿ ಸರಿಯಾಗೇ ತೋರಿಸುತ್ತದೆ. ದೇಶದೊಳಗಿನ ಭೇಟಿ 2019ರಲ್ಲಿ 232 ಕೋಟಿ. 2020ರಲ್ಲಿ 61 ಕೋಟಿಗೆ ಬಿತ್ತು. 2022ಕ್ಕೆ 173 ಕೋಟಿ, 2023ಕ್ಕೆ 251 ಕೋಟಿ. ವಿದೇಶಿಯರಿಗಿಂತ ಮೊದಲು ನಮ್ಮವರೇ ಮನೆಯಿಂದ ಹೊರಬಿದ್ದರು. ನನ್ನ ಮೇಜಿನ ಮೇಲಿನ ರಿಜಿಸ್ಟರುಗಳೂ ಇದನ್ನೇ ಹೇಳುತ್ತವೆ. ಹಿಂದೆ ನವೆಂಬರಿನಿಂದ ಫೆಬ್ರವರಿವರೆಗೆ ವಿದೇಶಿ ಹೆಸರುಗಳು ಪುಟದ ತುಂಬ ಇರುತ್ತಿದ್ದವು, ಒಬ್ಬೊಬ್ಬರು ಇಪ್ಪತ್ತು ದಿನ, ತಿಂಗಳು ಉಳಿಯುತ್ತಿದ್ದರು. ಈಗ ಪುಟ ಬೇಗ ತುಂಬುತ್ತದೆ, ‘ಹೋದ ಹೊತ್ತು’ ಕಾಲಮ್ಮೂ ಬೇಗ ತುಂಬುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಸ್ಲೀಪರ್ ಬಸ್ಸು, ಪಂಚಗಂಗಾ ರೈಲು. ಶನಿವಾರ ಬೆಳಿಗ್ಗೆ ಇಲ್ಲಿ. ಭಾನುವಾರ ರಾತ್ರಿ ವಾಪಸ್.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ವಾ, ಅದರ ಗುರುತು ಮಾತ್ರ ರಿಜಿಸ್ಟರಿನಲ್ಲಿ ಕಾಣಲಿಲ್ಲ. ಹೆಂಗಸರು ಗುಂಪುಗುಂಪಾಗಿ ಸರ್ಕಾರಿ ಬಸ್ಸಿನಲ್ಲಿ ಬಂದರು. ಮಹಾಬಲೇಶ್ವರನ ದರ್ಶನ ಮಾಡಿದರು. ಬುತ್ತಿ ಬಿಚ್ಚಿ ಉಂಡರು. ಸಂಜೆಯ ಬಸ್ಸು ಹತ್ತಿದರು. ಲಾಡ್ಜಿನವರು ‘ಜನ ಇದ್ದಾರೆ, ವ್ಯಾಪಾರ ಇಲ್ಲ’ ಅಂತ ಗೊಣಗಿದರು. ಹೂವು, ಬಳೆ, ಎಳನೀರಿನ ಅಂಗಡಿಯವರನ್ನು ಕೇಳಿದರೆ ಬೇರೆ ಕಥೆ.

ಎಣಿಕೆಗೆ ಸಿಗದ ಈ ಹಗಲು ಪ್ರವಾಸಿಗರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಮುರ್ಡೇಶ್ವರದ ಗೋಪುರದ ಲಿಫ್ಟಿಗೆ ಟಿಕೆಟ್ ಇದೆ. ಕಾರವಾರದ ಚಪಲ್ ಯುದ್ಧನೌಕೆ ಸಂಗ್ರಹಾಲಯಕ್ಕೂ ಇದೆ. ಕಡಲ ದಂಡೆಗೆ ಗೇಟೂ ಇಲ್ಲ, ಟಿಕೆಟೂ ಇಲ್ಲ. ಆದರೆ ಶೌಚಾಲಯ ಬೇಕಾಗುವುದು, ಕಸ ಬೀಳುವುದು, ಕಾರು ಸಿಕ್ಕಿಕೊಳ್ಳುವುದು ಎಲ್ಲ ಈ ಎಣಿಸದ ಜನರಿಂದಲೇ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಿನಲ್ಲಿ ತೀರಿಹೋದರು. ಒಂದು ದಂಡೆಗೆ ಎಷ್ಟು ಜೀವರಕ್ಷಕರು ಬೇಕು ಅನ್ನುವುದು ಊರಿನಲ್ಲಿ ಎಷ್ಟು ರೂಮಿದೆ ಅನ್ನುವುದರ ಮೇಲೆ ನಿಲ್ಲುವ ಲೆಕ್ಕವಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ನೀರಿನಲ್ಲಿ ಎಷ್ಟು ಜನ ಅನ್ನುವುದು ಗೊತ್ತಿರಬೇಕು. ಅದಕ್ಕೆ ವರ್ಷದ ಕೋಟಿ ಬೇಡ, ಒಬ್ಬ ಮನುಷ್ಯ ದಂಡೆಯಲ್ಲಿ ನಿಂತು ಎಣಿಸಿದರೆ ಸಾಕು.

ಯಜಮಾನರ ಆರು ರೂಮಿಗೆ ಬರೋಣ. ಪೇಪರಿನ ತುಂಡನ್ನು ಬದಿಗಿಟ್ಟು ಅವರದೇ ರಿಜಿಸ್ಟರ್ ತರಿಸಿದೆ. ಇರುವುದು ಹತ್ತು ರೂಮು. ನವೆಂಬರಿನ ಶನಿವಾರಗಳಲ್ಲಿ ಹತ್ತಕ್ಕೆ ಹತ್ತೂ ತುಂಬಿತ್ತು, ಇನ್ನೂ ಕೆಲವರನ್ನು ವಾಪಸ್ ಕಳಿಸಿದ್ದರು. ಮಂಗಳವಾರದ ಪುಟ ತೆಗೆದೆವು. ಎರಡು ರೂಮು. ಅದರ ಮುಂದಿನ ಮಂಗಳವಾರ ಮೂರು. ಒಂದು ಮಂಗಳವಾರ ಏನೂ ಬರೆದಿರಲಿಲ್ಲ, ಚಹಾ ಲೋಟದ ಗುರುತು ಮಾತ್ರ ಇತ್ತು.

ಮಳೆಗಾಲದ ನಾಲ್ಕು ತಿಂಗಳು ಕಳೆದರೆ ವರ್ಷಕ್ಕೆ ಸಿಗುವುದು ಮೂವತ್ತೈದು ಶನಿವಾರ. ಆರು ಹೊಸ ರೂಮು ಅಷ್ಟೂ ಶನಿವಾರ ತುಂಬಿದರೂ 210 ರಾತ್ರಿ. ರಾತ್ರಿಗೆ ಎರಡು ಸಾವಿರ ಹಿಡಿದರೆ 4 ಲಕ್ಷ 20 ಸಾವಿರ. ಕರೆಂಟು, ನೀರು, ಕೆಲಸದವರ ಸಂಬಳ, ಬುಕಿಂಗ್ ಆ್ಯಪ್‌ನವರ ಕಮಿಷನ್ ಇದರಲ್ಲೇ ಹೋಗಬೇಕು. ಅವರು ಕೇಳಬೇಕೆಂದಿದ್ದ ಸಾಲದ ವರ್ಷದ ಕಂತೇ ಅದಕ್ಕಿಂತ ಜಾಸ್ತಿ ಇತ್ತು.

“ಹಂಗಾರೆ ಆ 251 ಕೋಟಿ?” ಅಂದರು.

“ಅವರೆಲ್ಲ ಶನಿವಾರವೇ ಬರ್ತಾರೆ,” ಅಂದೆ.

ಅವರು ರೂಮು ಕಟ್ಟಿಸಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ನಾಲ್ಕು ಬಚ್ಚಲು, ನಾಲ್ಕು ಶೌಚಾಲಯ, ಬ್ಯಾಗ್ ಇಡಲು ಒಂದು ಕೋಣೆ ಮಾಡಿಸಿದರು. ಸ್ನಾನಕ್ಕೆ ಐವತ್ತು ರೂಪಾಯಿ, ಬಿಸಿನೀರು ಸೇರಿ. ಬೆಳಗಿನ ಬಸ್ಸಿಳಿದವರು, ಕಡಲಿನಿಂದ ಎದ್ದು ಊರಿಗೆ ಹೊರಟವರು, ಬುತ್ತಿ ತಂದ ಹೆಂಗಸರು ಎಲ್ಲ ಅಲ್ಲಿಗೇ ಬರುತ್ತಾರೆ. ಮೊನ್ನೆ ತಿಂಗಳ ಲೆಕ್ಕಕ್ಕೆ ಬಂದಾಗ ರಿಜಿಸ್ಟರಿನ ಜೊತೆ ರಸೀದಿ ಪುಸ್ತಕದ ಒಂದು ಕಟ್ಟನ್ನೂ ಮೇಜಿನ ಮೇಲಿಟ್ಟರು. ಕೆಲವು ಹಾಳೆ ಇನ್ನೂ ಒದ್ದೆ ಇತ್ತು. ಇಷ್ಟರವರೆಗೆ ಅದರ ಲೆಕ್ಕವನ್ನು ಯಾವ ಇಲಾಖೆಯವರೂ ಕೇಳಿಲ್ಲವಂತೆ.