ಹತ್ತಿ, ಅದಿರು, ಕಲ್ಲಿದ್ದಲು: ಕಡಲಿನ ಹಳಿಯಲ್ಲಿ ಪ್ರಯಾಣಿಕರ ಸರದಿ ಯಾವಾಗ?

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಜನ ಗೋಕರ್ಣಕ್ಕೋ ಕಾರವಾರಕ್ಕೋ ಹೊರಟರೆ ಮೊದಲು ನೆನಪಾಗುವುದು ಬಸ್ಸು. ಹಾಗಂತ ರೈಲು ಇಲ್ಲವೇ ಇಲ್ಲ ಎಂದಲ್ಲ. ಹೌರಾದಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ಗುಂತಕಲ್ ದಾಟಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಹಾದು ಗೋವಾದ ವಾಸ್ಕೊ ಸೇರುತ್ತದೆ. ಆದರೆ ಅದು ದಿನವೂ ಓಡುವುದಿಲ್ಲ. ಅದರಲ್ಲಿ ಹೋದವರು ಮಡಗಾಂವ್‌ನಲ್ಲಿ ಇಳಿದು, ಕೊಂಕಣ ರೈಲು ಹಿಡಿದು ಮತ್ತೆ ದಕ್ಷಿಣಕ್ಕೆ ಬರಬೇಕು. ಆಗ ಸಿಗುತ್ತವೆ ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ. ಅಂಕೋಲಾ ಇರುವುದು ಹುಬ್ಬಳ್ಳಿಯ ನೈಋತ್ಯಕ್ಕೆ. ರೈಲಿನಲ್ಲಿ ಅಲ್ಲಿಗೆ ಹೋಗಬೇಕಾದರೆ ಲೋಂಡಾ, ಗೋವಾ ಸುತ್ತಬೇಕು.

ಈ ಸುತ್ತಿಗೆ ನೂರೈವತ್ತು ವರ್ಷಗಳ ಹಿನ್ನೆಲೆಯಿದೆ. ರೈಲಿಗೂ ಮೊದಲು ಬಯಲುಸೀಮೆಯ ಹತ್ತಿ ಎತ್ತಿನ ಮೇಲೆ, ಬಂಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಧಾರವಾಡ ಸೀಮೆಯ ದೇಸಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು ಬಿದ್ದದ್ದು ಹಾಗೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಈ ದಾರಿಗೆ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಕಾರವಾರ ಬಂದರು ಮತ್ತು ಹತ್ತಿಯೇ ಕಾರಣ. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ಎದ್ದದ್ದೂ ಆ ಕಾಲದಲ್ಲೇ.

ಆಮೇಲೆ ಬಂತು ಧಾತು ಸಂವತ್ಸರದ ಬರ. 1876ರಿಂದ 78ರವರೆಗೆ ಬಳ್ಳಾರಿ ಸೀಮೆಯಲ್ಲಿ ಜನ ಹಸಿವಿನಿಂದ ಸಾಲುಸಾಲಾಗಿ ಸತ್ತರು. ಬೇರೆ ಕಡೆ ಧಾನ್ಯವಿದ್ದರೂ ಹಳಿ ಮುಟ್ಟದ ಒಳನಾಡಿಗೆ ಅದನ್ನು ಸಾಗಿಸುವುದು ಕಷ್ಟವಾಗಿತ್ತು. ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಬರದ ಸೀಮೆಗೆ ರೈಲು ಬೇಕೇ ಬೇಕು ಎಂಬ ತೀರ್ಮಾನವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಯನ್ನು ಪೋಣಿಸಿದ ಮೀಟರ್ ಗೇಜ್ ಹಳಿ ಅದರದೇ. ಆದರೆ ಕಡಲು ಮುಟ್ಟುವ ಕಡೆ ಕಾರವಾರ ಸೋತಿತ್ತು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ ಗೋವಾದ ಮುರಗಾಂವ್ ಬಂದರೇ ಗೆದ್ದಿತು. 1888ರಲ್ಲಿ ಘಟ್ಟದ ಹಳಿ ಪೂರ್ಣಗೊಂಡು ಬಯಲುಸೀಮೆಯ ರೈಲು ಗೋವಾದ ಕಡಲಿಗೆ ಇಳಿಯಿತು.

ಇವತ್ತಿಗೂ ಗಾಡಿಗಳ ಸಂಖ್ಯೆಯನ್ನು ಕಟ್ಟಿಹಾಕಿರುವುದು ಆ ಘಟ್ಟವೇ. ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಮ್‌ವರೆಗೆ ಸುಮಾರು 26 ಕಿ.ಮೀ., ಸಿಂಗಲ್ ಲೈನ್. ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿತ. ಸಾವಿರ ಟನ್ ತೂಕದ ಗಾಡಿಯನ್ನು ಅಲ್ಲಿ ಸುಮಾರು 27 ಟನ್ ಭಾರದಷ್ಟು ಬಲ ಕೆಳಕ್ಕೆ ಜಗ್ಗುತ್ತಿರುತ್ತದೆ. ಅದಕ್ಕೇ ಕ್ಯಾಸಲ್‌ರಾಕ್‌ನಲ್ಲಿ ಪ್ರತಿ ಗಾಡಿಯೂ ನಿಂತು ಬ್ರೇಕ್ ಪರೀಕ್ಷೆ ಮಾಡಿಸಿಕೊಂಡೇ ಇಳಿಯಬೇಕು. ಹತ್ತುವ ಗಾಡಿಗೆ ಕುಳೆಮ್‌ನಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ. ನಡುವಿನ ನಿಲ್ದಾಣಗಳಲ್ಲಿ ಕ್ಯಾಚ್ ಸೈಡಿಂಗ್ ಇವೆ. ಮುಖ್ಯ ಹಳಿಯಿಂದ ಕವಲೊಡೆದು ಏರಿಗೆ ಹತ್ತಿ ಮುಗಿದುಹೋಗುವ ಹಳಿ ಅದು. ಹಳಿ ಬದಲಿಸುವ ಪಾಯಿಂಟ್ ಸದಾ ಆ ಕಡೆಗೇ ತಿರುಗಿರುತ್ತದೆ. ಇಳಿಯುವ ಗಾಡಿ ಬಂದು ನಿಂತು, ಹಿಡಿತದಲ್ಲಿದೆ ಎಂದು ಖಾತ್ರಿಯಾದ ಮೇಲೆಯೇ ಮುಖ್ಯ ಹಳಿಗೆ ದಾರಿ ಬಿಡುತ್ತಾರೆ. ಬ್ರೇಕ್ ತಪ್ಪಿದ ಗಾಡಿ ತಾನಾಗಿ ಏರಿಗೆ ನುಗ್ಗಿ ನಿಲ್ಲುತ್ತದೆ.

ಇದೆಲ್ಲ ಸಮಯ ತಿನ್ನುತ್ತದೆ. ಬ್ಯಾಂಕರ್ ಎಂಜಿನ್ ಮೇಲೆ ಬಿಟ್ಟು ಮತ್ತೆ ಕೆಳಗಿಳಿಯುವುದಕ್ಕೂ ಅದೇ ಒಂದು ಹಳಿ ಬೇಕು. ಮಳೆಗಾಲದಲ್ಲಿ ಗುಡ್ಡದ ಮಣ್ಣು ನೀರು ಕುಡಿದು ಹಳಿ ಮೇಲೆ ಕುಸಿದರೆ ಸಂಚಾರವೇ ಬಂದ್. 2021ರ ಜುಲೈನಲ್ಲಿ ದೂಧಸಾಗರದ ಬಳಿ ಹೀಗೇ ಪ್ರಯಾಣಿಕರ ಗಾಡಿಯೊಂದು ಹಳಿ ತಪ್ಪಿತು. ದಿನಕ್ಕೆ ಇಂತಿಷ್ಟೇ ಗಾಡಿ ಎಂಬ ಮಿತಿ ಇರುವ ಇಂಥ ಹಳಿಯಲ್ಲಿ ಸರಕಿಗೂ ಜನಕ್ಕೂ ಪೈಪೋಟಿ ಬಿದ್ದರೆ, ಹೆಚ್ಚು ದುಡಿದುಕೊಡುವ ಸರಕೇ ಗೆಲ್ಲುತ್ತದೆ.

ಸರಕು ಬದಲಾಗುತ್ತ ಬಂತು, ಪ್ರಯಾಣಿಕರ ಪಾಡು ಬದಲಾಗಲಿಲ್ಲ. 1955ರಲ್ಲಿ ಗೋವಾದೊಂದಿಗೆ ಸಂಪರ್ಕ ಕಡಿದು, 1961ರ ವಿಮೋಚನೆಯ ನಂತರ ಮತ್ತೆ ಕೂಡಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಆ ಹೊತ್ತಿಗೆ ಹತ್ತಿಯ ಜಾಗದಲ್ಲಿ ಸಂಡೂರು, ಹೊಸಪೇಟೆಯ ಕಬ್ಬಿಣದ ಅದಿರು ಇತ್ತು. ಈಗ ವ್ಯಾಗನ್‌ಗಳು ಘಟ್ಟ ಏರಿ ಬರುತ್ತಿರುವುದು ಮುರಗಾಂವ್‌ನಲ್ಲಿ ಇಳಿದ ವಿದೇಶಿ ಕಲ್ಲಿದ್ದಲನ್ನು ತುಂಬಿಕೊಂಡು, ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗಾಗಿ. ಹೊಸಪೇಟೆಯಿಂದ ವಾಸ್ಕೊವರೆಗಿನ ಜೋಡಿ ಹಳಿ ಯೋಜನೆಯನ್ನು ಗೋವಾದ ಜನ ‘ಕಲ್ಲಿದ್ದಲಿಗಾಗಿ’ ಎಂದು ವಿರೋಧಿಸಿದರು. ಘಟ್ಟದ ಭಾಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು.

ಹುಬ್ಬಳ್ಳಿ–ಅಂಕೋಲಾ ಹಳಿಯ ಕಥೆಯೂ ಇದೇ ಸುಳಿಯಲ್ಲಿ ಸಿಕ್ಕಿತು. ಸುಮಾರು 164 ಕಿ.ಮೀ. ಉದ್ದದ ಯೋಜನೆಗೆ 1990ರ ದಶಕದ ಕೊನೆಯಲ್ಲಿ ಮಂಜೂರಾತಿ, ವಾಜಪೇಯಿ ಪ್ರಧಾನಿಯಾಗಿದ್ದಾಗ ಅಡಿಗಲ್ಲು. ಮುಂದಿಟ್ಟ ಮುಖ್ಯ ಲೆಕ್ಕ ಬಳ್ಳಾರಿಯ ಅದಿರಿನದು. ಹಳಿ ಆಗಲಿಲ್ಲ, ಅದಿರು ಲಾರಿ ಹತ್ತಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಯಿತು. 2011ರಲ್ಲಿ ಅಕ್ರಮ ಗಣಿಗಾರಿಕೆಯ ಮೇಲೆ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಅದಿರಿನ ರಫ್ತು ನಿಂತ ದಿನವೇ ಯೋಜನೆಯ ಲೆಕ್ಕ ಕುಸಿಯಿತು. ಇನ್ನೊಂದೆಡೆ ಕಾಡಿನ ಪ್ರಶ್ನೆ: ಪರಿಷ್ಕೃತ ಪ್ರಸ್ತಾವದಲ್ಲೂ ಸುಮಾರು 595 ಹೆಕ್ಟೇರ್ ಅರಣ್ಯ ಹೋಗುತ್ತಿತ್ತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು, ಜೂನ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಭಾರದ ಸರಕಿಗೆಂದು ಹಳಿ ಹಾಕಿದರೆ ಇಳಿಜಾರು ಸೌಮ್ಯವಾಗಿರಬೇಕು. 500 ಮೀಟರ್ ಇಳಿಯಲು 37ಕ್ಕೆ 1ರಲ್ಲಿ 18.5 ಕಿ.ಮೀ. ಸಾಕು, 100ಕ್ಕೆ 1ರಲ್ಲಿ 50 ಕಿ.ಮೀ. ಬೇಕು. ಆ ಹೆಚ್ಚುವರಿ ಉದ್ದವೆಲ್ಲ ಸುರಂಗ, ಸೇತುವೆ, ಕಡಿದ ಮರ. ಅದಿರನ್ನು ಲೆಕ್ಕದಿಂದ ತೆಗೆದು, ಹಗುರ ಪ್ರಯಾಣಿಕರ ಗಾಡಿಗೆ ಎಂಥ ಹಳಿ ಸಾಕು ಎಂದು ಹೊಸದಾಗಿ ಕೇಳಬೇಕಾದ್ದು ಇಲ್ಲಿಯೇ.

ಅಷ್ಟರವರೆಗೆ ಕಾಯಬೇಕಿಲ್ಲ. ಕೊಪ್ಪಳದ ಬಳಿಯ ಗಿಣಿಗೇರಾದಿಂದ ರಾಯಚೂರು ಕಡೆ ಹೊರಟ ಹಳಿ 2024ರಲ್ಲಿ ಸಿಂಧನೂರು ಮುಟ್ಟಿತು. 2025ರಲ್ಲಿ ತಳಕಲ್‌ನಿಂದ ಹೊರಟ ಮಾರ್ಗ ಕುಷ್ಟಗಿ ಮುಟ್ಟಿತು. ಎರಡೂ ಕಡೆಯ ಜನ ಈಗ ರೈಲಿನಲ್ಲೇ ಹುಬ್ಬಳ್ಳಿಗೆ ಬರುತ್ತಾರೆ. ಅಲ್ಲಿಂದ ಮಡಗಾಂವ್‌ಗೆ ದಿನಾ ಒಂದು ಹಗಲು ಪ್ಯಾಸೆಂಜರ್ ಬೇಕು: ಸಿಂಧನೂರು, ಬಳ್ಳಾರಿ ಗಾಡಿಗಳು ಬಂದ ಮೇಲೆ ಹೊರಡುವಂಥದ್ದು, ಮಡಗಾಂವ್‌ನಲ್ಲಿ ಕಾರವಾರದ ಕಡೆಯ ಗಾಡಿಗೆ ಅರ್ಧ ಗಂಟೆಯಾದರೂ ಬಿಡುವು ಕೊಡುವಂಥದ್ದು. ಬೇಡಿಕೆ ಪತ್ರ ಬರೆಯುವವರು ‘ಹೊಸ ರೈಲು ಬಿಡಿ’ ಎಂದಷ್ಟೇ ಬರೆದರೆ ಹಳಿ ಖಾಲಿ ಇಲ್ಲ ಎಂಬ ಉತ್ತರ ಬರುತ್ತದೆ. ಕ್ಯಾಸಲ್‌ರಾಕ್–ಕುಳೆಮ್ ನಡುವೆ ದಿನಕ್ಕೆ ಎಷ್ಟು ಗೂಡ್ಸ್, ಎಷ್ಟು ಪ್ರಯಾಣಿಕರ ಗಾಡಿ ಓಡುತ್ತವೆ, ಬ್ಯಾಂಕರ್‌ಗಾಗಿ ಎಷ್ಟು ಹೊತ್ತು ಕಾಯುತ್ತವೆ ಎಂಬ ಅಂಕಿಗಳನ್ನು ಮಾಹಿತಿ ಹಕ್ಕಿನಲ್ಲಿ ಮೊದಲು ಪಡೆದು, ಯಾವ ಹೊತ್ತಿನಲ್ಲಿ ಹಳಿ ಬಿಡುವಾಗಿದೆ ಎಂದು ತೋರಿಸಿಯೇ ಕೇಳಬೇಕು.