ಕೈಕಾಲು ಸರಿಹೋದ ಮೇಲೆ ಉಳಿಯುವುದು

ಪಾರ್ಶ್ವವಾಯು ಎಂದೊಡನೆ ಎಲ್ಲರ ಗಮನ ಹೋಗುವುದು ಸ್ವಾಧೀನ ತಪ್ಪಿದ ಕೈಕಾಲಿನ ಕಡೆಗೆ. ರೋಗಿ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಗಂಡಾಂತರ ಕಳೆಯಿತೆಂದು ಮನೆಯವರು ನಿರಾಳರಾಗುತ್ತಾರೆ. ಕಣ್ಣಿಗೆ ಕಾಣದ ತೊಂದರೆಗಳು ತಲೆ ಎತ್ತುವುದು ಹೆಚ್ಚಾಗಿ ಆಮೇಲೆಯೇ. ಅವಕ್ಕೆ ರೋಗದ ಹೆಸರು ಸಿಗುವ ಮೊದಲು ‘ಹಟ’, ‘ಸೋಮಾರಿತನ’ ಎಂಬ ಹಣೆಪಟ್ಟಿ ಬಿದ್ದಿರುತ್ತದೆ.

ಮಿದುಳಿನ ಬಲ ಅರ್ಧಗೋಳಕ್ಕೆ ಪೆಟ್ಟಾದವರಲ್ಲಿ ಕೆಲವರು ತಟ್ಟೆಯ ಬಲಭಾಗದ ಊಟ ಮಾತ್ರ ಮುಗಿಸಿ ಎದ್ದುಬಿಡುತ್ತಾರೆ. ಗಡಿಯಾರ ಬರೆಯಿರಿ ಎಂದರೆ 12 ಅಂಕಿಗಳನ್ನೂ ಬಲಗಡೆಯೇ ಒತ್ತೊತ್ತಾಗಿ ತುರುಕುತ್ತಾರೆ. ದೃಷ್ಟಿಯಲ್ಲಿ ದೋಷವಿಲ್ಲದಿದ್ದರೂ ಹೀಗಾಗಬಹುದು. ಎಡಗಡೆಯೂ ಒಂದು ಜಗತ್ತಿದೆ ಎಂಬುದೇ ಗಮನಕ್ಕೆ ಬರುವುದಿಲ್ಲ. 1978ರಲ್ಲಿ ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾತ್ತಿ ಎಂಬ ಸಂಶೋಧಕರು ಇಂಥ ಇಬ್ಬರು ರೋಗಿಗಳಿಗೆ ಮಿಲಾನ್ ನಗರದ ಕೆಥೆಡ್ರಲ್ ಚೌಕವನ್ನು ನೆನಪಿನಿಂದ ಬಣ್ಣಿಸಲು ಹೇಳಿದರು. ಕೆಥೆಡ್ರಲ್‌ಗೆ ಮುಖಮಾಡಿ ನಿಂತಂತೆ ಊಹಿಸಿಕೊಂಡಾಗ ಅವರು ಹೇಳಿದ್ದು ಬಹುಪಾಲು ಬಲಬದಿಯ ಕಟ್ಟಡಗಳನ್ನೇ. ಅದಕ್ಕೆ ಬೆನ್ನುಮಾಡಿ ನಿಂತಂತೆ ಊಹಿಸಿಕೊಳ್ಳಿ ಎಂದಾಗ, ಆಗ ತಾನೇ ಬಿಟ್ಟುಹೋಗಿದ್ದ ಕಟ್ಟಡಗಳು ಬಾಯಿಗೆ ಬಂದವು, ಹೇಳಿ ಮುಗಿಸಿದ್ದವು ಕೈಬಿಟ್ಟವು! ನೆನಪು ಅಳಿಸಿರಲಿಲ್ಲ, ಮನಸ್ಸಿನೊಳಗಿನ ಚೌಕಕ್ಕೂ ಎಡಬದಿ ಇಲ್ಲವಾಗಿತ್ತು.

ಎಡ ಅರ್ಧಗೋಳಕ್ಕೆ ಪೆಟ್ಟಾದರೆ ಸಾಮಾನ್ಯವಾಗಿ ಕೆಡುವುದು ಮಾತು. ಎದುರಿನವರು ಹೇಳಿದ್ದು ಬಹುಮಟ್ಟಿಗೆ ಅರ್ಥವಾದರೂ ಬೇಕಾದ ಪದ ನಾಲಿಗೆಗೆ ಬಾರದವರಿದ್ದಾರೆ. ಅಂಥವರಲ್ಲಿ ಕೆಲವರು ಹಳೆಯ ಹಾಡನ್ನು ಸಲೀಸಾಗಿ ಹೇಳಬಲ್ಲರು. ಇವರ ಮುಂದೆ ಕಿವುಡರಿಗೆ ಹೇಳುವಂತೆ ಕೂಗಿ ಮಾತನಾಡುವುದು, ಬುದ್ಧಿಯೇ ಹೋಯಿತೆಂದು ಅವರ ಎದುರೇ ಚರ್ಚಿಸುವುದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ.

ಇನ್ನು ದಣಿವು. ಪಾರ್ಶ್ವವಾಯುವಿನಿಂದ ಪಾರಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಕಾಡುವ ಇದು ನಿದ್ದೆ ಮಾಡಿದರೂ ತೀರದ ಆಯಾಸ. ಒಬ್ಬ ಅತಿಥಿಯೊಡನೆ ಅರ್ಧ ಗಂಟೆ ಹರಟಿದ್ದಕ್ಕೇ ಇಡೀ ಮಧ್ಯಾಹ್ನ ಮಲಗಬೇಕಾಗಬಹುದು. ಸುಮಾರು ಮೂವರಲ್ಲೊಬ್ಬರಿಗೆ ಖಿನ್ನತೆ ಬರುತ್ತದೆ. ಕೆಲವರಿಗೆ ದುಃಖವೇ ಇಲ್ಲದೆ ಅಳು ಉಕ್ಕುತ್ತದೆ, ಸಾವಿನ ಮನೆಯಲ್ಲೂ ನಗು ತಡೆಯಲಾಗುವುದಿಲ್ಲ. ಭಾವನೆಯ ಪ್ರದರ್ಶನಕ್ಕೆ ಕಡಿವಾಣ ಹಾಕುವ ನರಮಾರ್ಗಗಳು ಕೆಟ್ಟಿರುವುದರ ಫಲ ಇದು. ಖಿನ್ನತೆಗೂ ಈ ಅಳುನಗೆಗಳಿಗೂ ಔಷಧಿಗಳಿವೆ. ಆದರೆ ರಕ್ತದೊತ್ತಡ ನೋಡಿ ಮಾತ್ರೆ ಬರೆದುಕೊಡುವ ಐದು ನಿಮಿಷದ ಭೇಟಿಯಲ್ಲಿ ಇವುಗಳ ಬಗ್ಗೆ ವೈದ್ಯರು ಕೇಳದೆ ಹೋಗಬಹುದು, ರೋಗಿ ನಾಚಿಕೆಯಿಂದ ಹೇಳದೆ ಉಳಿಯಬಹುದು. ಜೊತೆಗೆ ಹೋದವರೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.