ಬಿಚ್ಚುವ ಮೊದಲು ಅಳೆಯಿರಿ: ಫೋರ್ ವೀಲ್ ಡ್ರೈವ್ ಗಾಡಿಯ ವಿದ್ಯುತ್ ಭಾಗಗಳನ್ನು ಕಳಚಿ ಕೂರಿಸುವ ಟಿಪ್ಪಣಿ

ಕಲಿಕೆಯ ಮೊದಲ ವರ್ಷ ನನ್ನ ಕೈಗೆ ಬಂದ ಒಂದು ಡೀಸೆಲ್ ಗಾಡಿ ಬೆಳಗ್ಗೆ ಸೆಲ್ಫ್ ಹೊಡೆದರೆ ಎಳೆದೆಳೆದು ತಿರುಗುತ್ತಿತ್ತು. ಬ್ಯಾಟರಿ ಹೊಸದು. ಹಾಗಾದರೆ ಸೆಲ್ಫ್ ಮೋಟರೇ ಕೆಟ್ಟಿರಬೇಕೆಂದು ಅದನ್ನು ಇಳಿಸಿ ಬೇರೊಂದು ಕೂರಿಸಿದೆ. ಅರ್ಧ ದಿನದ ಕೆಲಸ. ಕೀ ತಿರುಗಿಸಿದರೆ ಮತ್ತೆ ಅದೇ ನರಳಾಟ. ಕೊನೆಗೆ ಎಂಜಿನ್ನಿಂದ ಷಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಹೋಗುವ, ಕರೆಂಟನ್ನು ಬ್ಯಾಟರಿಯ ಮೈನಸ್‌ಗೆ ಮರಳಿಸುವ ಹೆಣೆದ ಅರ್ಥ್ ಪಟ್ಟಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿದಾಗ ಲಗ್ಗಿನ (ತುದಿಯಲ್ಲಿ ಬೋಲ್ಟು ಕೂರುವ ಲೋಹದ ಬಳೆಯ) ಬುಡದಿಂದ ಹಸಿರು ಪುಡಿ ಉದುರಿತು. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಆ ಪಟ್ಟಿಯಲ್ಲಿ ಉಳಿದಿದ್ದದ್ದು ನಾಲ್ಕೈದು ಎಳೆ ಮಾತ್ರ. ನಾನು ಇಳಿಸಿದ್ದ ಮೋಟರಿಗೆ ಏನೂ ಆಗಿರಲಿಲ್ಲ.

ಈ ಟಿಪ್ಪಣಿ ಬರೆಯುತ್ತಿರುವುದು ಅದಕ್ಕಾಗಿಯೇ. ಕೆಸರು, ನೀರು, ಧೂಳು, ಕುಲುಕಾಟ ಇವುಗಳಲ್ಲೇ ಓಡುವ ಗಾಡಿಯಲ್ಲಿ ಭಾಗ ಕೆಡುವುದಕ್ಕಿಂತ ಮೊದಲು ಆ ಭಾಗಕ್ಕೆ ಕರೆಂಟು ಹೋಗಿಬರುವ ದಾರಿ ಕೆಡುತ್ತದೆ. ದಾರಿ ಪರೀಕ್ಷಿಸದೆ ಸ್ಪ್ಯಾನರ್ ಹಿಡಿಯಬಾರದು.

ಅರ್ಥ್ ಯಾಕೆ ಇಷ್ಟು ಮುಖ್ಯ

ಬಹುತೇಕ ಗಟ್ಟಿ ಫೋರ್ ವೀಲ್ ಡ್ರೈವ್ ಗಾಡಿಗಳು ಲ್ಯಾಡರ್ ಫ್ರೇಮಿನವು, ಅಂದರೆ ಏಣಿಯಾಕಾರದ ಷಾಸಿಯವು. ಷಾಸಿಯ ಮೇಲೆ ಬಾಡಿ ಕೂತಿರುವುದು ರಬ್ಬರ್ ಬುಷ್‌ಗಳ ಮೇಲೆ. ಎಂಜಿನ್, ಗೇರ್‌ಬಾಕ್ಸ್ ಕೂತಿರುವುದೂ ರಬ್ಬರ್ ಮೌಂಟಿಂಗ್‌ಗಳ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಕಣ್ಣಿಗೆ ಒಂದೇ ಕಬ್ಬಿಣದಂತೆ ಕಂಡರೂ ವಿದ್ಯುತ್ತಿನ ಮಟ್ಟಿಗೆ ಬಾಡಿ, ಷಾಸಿ, ಎಂಜಿನ್ ಮೂರೂ ಬೇರೆ ಬೇರೆ. ಮೂರನ್ನೂ ಸೇರಿಸುವುದು ಆ ಹೆಣೆದ ಪಟ್ಟಿಗಳೇ. ಒಂದು ಪಟ್ಟಿ ಹೋದರೂ ಕರೆಂಟು ಸುಮ್ಮನಿರುವುದಿಲ್ಲ, ಸಿಕ್ಕ ದಾರಿಯಲ್ಲಿ ನುಗ್ಗುತ್ತದೆ: ಆಕ್ಸಿಲರೇಟರ್ ಕೇಬಲ್, ಹ್ಯಾಂಡ್‌ಬ್ರೇಕ್ ಕೇಬಲ್, ಯಾವುದಾದರೂ ಬೇರಿಂಗ್. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಬಲ್ ನೋಡಬೇಡಿ, ಪಟ್ಟಿ ನೋಡಿ.

ಇದನ್ನು ಓಮ್ ಅಳತೆಯಲ್ಲಿ ಹಿಡಿಯಲು ಹೋದರೆ ಸಿಗುವುದಿಲ್ಲ. ಲೆಕ್ಕ ಹೀಗಿದೆ: ಡೀಸೆಲ್ ಎಂಜಿನ್ನಿನ ಸೆಲ್ಫ್ 200 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. ದಾರಿಯಲ್ಲಿ ಬರೀ 0.01 ಓಮ್ ಅಡ್ಡಿ ಇದ್ದರೂ 200ನ್ನು 0.01ರಿಂದ ಗುಣಿಸಿದರೆ 2 ವೋಲ್ಟ್ ಅಲ್ಲೇ ನಷ್ಟ. ಸಾಮಾನ್ಯ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.1, 0.2 ಓಮ್ ತೋರಿಸುತ್ತದೆ. ಅಂಥ ಮೀಟರಿಗೆ 0.01 ಹೇಗೆ ಕಂಡೀತು? ಅದಕ್ಕೇ ಕರೆಂಟು ಹರಿಯುವಾಗ ವೋಲ್ಟೇಜ್ ನಷ್ಟವನ್ನೇ ಅಳೆಯಬೇಕು. ಎಂಜಿನ್ ಸ್ಟಾರ್ಟ್ ಆಗದಂತೆ ಗಾಡಿಯ ಕೈಪಿಡಿ ಹೇಳುವ ಫ್ಯೂಸು ತೆಗೆಯಿರಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಶುದ್ಧ ಲೋಹಕ್ಕೂ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಒತ್ತಿ ಹಿಡಿಯಿರಿ. ಕ್ಲ್ಯಾಂಪಿಗಲ್ಲ, ಕಂಬಕ್ಕೇ ಹಿಡಿಯಬೇಕು. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನೊಳಗೆ ಇದ್ದರೆ ಅರ್ಥ್ ಚೆನ್ನಾಗಿದೆ. 0.5 ದಾಟಿದರೆ ಪಟ್ಟಿ, ಲಗ್ಗು, ಬೋಲ್ಟಿನ ಬುಡದ ತುಕ್ಕು ಇವುಗಳಲ್ಲಿ ಒಂದು ಅಪರಾಧಿ. ಪ್ಲಸ್ ಕಡೆಯೂ ಹೀಗೆಯೇ, ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ ಅಳೆಯಿರಿ.

ಪಟ್ಟಿ ಹೊಸದು ಹಾಕುವಾಗ ಬೋಲ್ಟು ಕೂರುವ ಜಾಗದ ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ. ಬಿಗಿ ಮಾಡಿದ ಮೇಲೆ ಹೊರಗೆ ಗ್ರೀಸು ಸವರಿ. ಬಣ್ಣದ ಮೇಲೆ ಬಿಗಿ ಮಾಡಿದ ಹೊಸ ಪಟ್ಟಿ ಹಳೆಯ ಪಟ್ಟಿಗಿಂತ ಏನೂ ಮೇಲಲ್ಲ.

ಬ್ಯಾಟರಿ ಮತ್ತು ಏರ್‌ಬ್ಯಾಗು

ಮೊದಲು ಮೈನಸ್ ಬಿಚ್ಚಬೇಕು, ಕೊನೆಗೆ ಮೈನಸ್ ಹಾಕಬೇಕು ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಕಾರಣ ತಿಳಿದಿದ್ದರೆ ಮರೆಯುವುದಿಲ್ಲ. ಗಾಡಿಯ ಕಬ್ಬಿಣವೆಲ್ಲ ಮೈನಸ್‌ಗೆ ಸೇರಿಕೊಂಡಿದೆ. ಮೈನಸ್ ಇನ್ನೂ ಹಾಗೇ ಇರುವಾಗ ಪ್ಲಸ್ ನಟ್ಟು ತಿರುಗಿಸುವ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ಬ್ಯಾಟರಿಯೇ ಶಾರ್ಟ್ ಆದಂತೆ. ಸ್ಪ್ಯಾನರ್ ಕೆಂಪಗೆ ಕಾಯುವುದು ಕ್ಷಣದ ಮಾತು, ಚಾರ್ಜ್ ಆಗುತ್ತಿದ್ದ ಬ್ಯಾಟರಿಯ ಬಳಿ ಹೈಡ್ರೋಜನ್ ಇದ್ದರೆ ಕಿಡಿಗೆ ಸಿಡಿಯಲೂಬಹುದು. ಮೈನಸ್ ಬಿಚ್ಚಿದ ಮೇಲೆ ಅದೇ ಸ್ಪ್ಯಾನರ್ ಎಲ್ಲಿ ತಾಗಿದರೂ ಸರ್ಕ್ಯೂಟ್ ಪೂರ್ಣವಾಗುವುದಿಲ್ಲ. ಕೆಲವು ಗಾಡಿಗಳಲ್ಲಿ ಎರಡು ಬ್ಯಾಟರಿ ಇರುತ್ತವೆ, ವಿಂಚಿಗೆ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರಕ್ಕೆ) ಬೇರೆ ವೈರು ಹೋಗಿರುತ್ತದೆ. ಎರಡರ ಮೈನಸ್ಸನ್ನೂ ಬಿಚ್ಚಿ, ಬಿಚ್ಚಿದ ತುದಿ ತಾನಾಗಿ ಹಿಂದೆ ಬಂದು ತಾಗದಂತೆ ಬಟ್ಟೆ ಸುತ್ತಿ.

ಹಳದಿ ಬಣ್ಣದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಕಂಡರೆ ಅದು ಏರ್‌ಬ್ಯಾಗಿನದು ಎಂದುಕೊಂಡೇ ಕೈ ಹಿಂದೆಗೆಯಿರಿ. ಅದರ ಕಂಟ್ರೋಲ್ ಯೂನಿಟ್ಟಿನ ಕೆಪ್ಯಾಸಿಟರ್‌ಗಳಲ್ಲಿ ಬ್ಯಾಟರಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕೆಂಬುದು ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ, ಅಷ್ಟು ಕಾಯಲೇಬೇಕು. ಆ ವೈರುಗಳಿಗೆ ಮೀಟರಿನ ಕಡ್ಡಿಯಾಗಲಿ ಟೆಸ್ಟ್ ಲ್ಯಾಂಪಾಗಲಿ ಮುಟ್ಟಿಸಬೇಡಿ.

ಕಪ್ಲರ್

ವೈರು ಹಿಡಿದು ಎಳೆಯಬಾರದು ಎಂದು ಗೊತ್ತಿದ್ದರೂ ಕೆಸರು ಒಣಗಿ ಕಚ್ಚಿಕೊಂಡ ಕಪ್ಲರ್ ಎದುರು ತಾಳ್ಮೆ ಕೆಡುತ್ತದೆ. ಮೊದಲು ನೀರು ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮಣ್ಣು ತೆಗೆಯಿರಿ. ಕೆಂಪು ಅಥವಾ ಬಿಳಿ ಪಟ್ಟಿಯಂಥ ಎರಡನೇ ಲಾಕ್ ಇದ್ದರೆ ಅದನ್ನು ಸರಿಸಿ. ಆಮೇಲೆ ಕಪ್ಲರನ್ನು ಎಳೆಯುವ ಬದಲು ಒಮ್ಮೆ ಒಳಕ್ಕೆ ಒತ್ತಿ. ಕೊಂಡಿಯ ಮೇಲಿನ ಬಿಗಿತ ಹೋಗಿ ನಾಲಿಗೆ ಸಲೀಸಾಗಿ ಅದುಮಿಕೊಳ್ಳುತ್ತದೆ. ಇದೊಂದು ಅಭ್ಯಾಸದಿಂದ ಎಷ್ಟೋ ಕೊಂಡಿಗಳು ಮುರಿಯದೆ ಉಳಿದಿವೆ.

ಬಿಚ್ಚಿದ ಮೇಲೆ ಒಳಗೆ ನೋಡಿ: ಹಸಿರು, ಬಿಳಿ ಪುಡಿ, ಹಿಂದೆ ಸರಿದ ಪಿನ್ನು, ಹರಿದ ರಬ್ಬರ್ ಸೀಲು. ಬಿಸಿಯಾಗಿದ್ದ ಭಾಗ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಆಕ್ಸಲ್‌ಗಳಿಗೆ ಬ್ರೀದರ್ ಪೈಪನ್ನು (ಒಳಗಿನ ಗಾಳಿ ಹೋಗಿಬರುವ ಕೊಳವೆಯನ್ನು) ಎತ್ತರಕ್ಕೆ ಒಯ್ದಿರುವುದು ಇದೇ ಕಾರಣಕ್ಕೆ. ಕಪ್ಲರಿಗೆ ಬ್ರೀದರ್ ಇಲ್ಲ, ಸೀಲೇ ಅದಕ್ಕೆ ದಿಕ್ಕು. ಕೂರಿಸುವಾಗ ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸು (ಕರೆಂಟು ಹರಿಯದ ಗ್ರೀಸು) ತೆಳ್ಳಗೆ ಸವರಿ. ವೈರಿಂಗ್ ಒಂದು ಕಡೆ ಕೆಳಗೆ ಜೋತು ಆಮೇಲೆ ಮೇಲೇರಿ ಕಪ್ಲರಿಗೆ ಸೇರುವಂತೆ ಕಟ್ಟಿ. ಆಗ ಹರಿದುಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಕಪ್ಲರಿನವರೆಗೆ ಬರುವುದಿಲ್ಲ.

ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಬಗ್ಗೆ ಚಿಕ್ಕದಾಗಿ, ಅದರ ಪಿನ್ನುಗಳ ಅಂಕಿಯಂತೆ: 85 ಮತ್ತು 86 ಕಾಯಿಲ್, 30ಕ್ಕೆ ಕರೆಂಟು ಬರುತ್ತದೆ, ಕಾಯಿಲ್ ಎಳೆದಾಗ 87ಕ್ಕೆ ಹೋಗುತ್ತದೆ, ಎಳೆಯದಿದ್ದಾಗ 87ಎಗೆ. ಟಕ್ ಎಂದು ಸದ್ದು ಬಂದರೆ ಕಾಯಿಲ್ ಸರಿ ಎಂದಷ್ಟೇ ಅರ್ಥ, ಒಳಗಿನ ಪಾಯಿಂಟು ಸುಟ್ಟಿರಬಹುದು. ಫ್ಯೂಸಿನ ಬಣ್ಣ ನೆನಪಿರಲಿ, ಅಂಕಿ ಆಂಪಿಯರಿನದು: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಫ್ಯೂಸು ಪದೇ ಪದೇ ಹೋಗುತ್ತಿದೆ ಎಂದು ದೊಡ್ಡದು ಹಾಕಿದರೆ ಮುಂದಿನ ಸಲ ಸುಡುವುದು ವೈರು.

ಡೈನಮೋ

ಎಂಜಿನ್ ನಿಂತು ಕೆಲವು ಗಂಟೆಯಾದ ಮೇಲೆ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಡೈನಮೋದ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ) ಹಿಂದಿನ ದಪ್ಪ ಬೋಲ್ಟಿಗೆ ಕೀ ಆಫ್ ಇದ್ದರೂ ಬ್ಯಾಟರಿಯಿಂದ ನೇರ ಕರೆಂಟು ಇರುತ್ತದೆ, ಆದ್ದರಿಂದ ಬ್ಯಾಟರಿ ಬಿಚ್ಚದೆ ಡೈನಮೋ ಮುಟ್ಟುವಂತಿಲ್ಲ. ಆ ಬೋಲ್ಟಿನಲ್ಲಿ 14.2 ಇದ್ದು ಬ್ಯಾಟರಿಯಲ್ಲಿ 13 ಮಾತ್ರ ಇದ್ದರೆ ಡೈನಮೋ ತನ್ನ ಕೆಲಸ ಮಾಡುತ್ತಿದೆ, ನಡುವಿನ ವೈರು ಅಥವಾ ಅರ್ಥ್ ನುಂಗುತ್ತಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಿ ಡೈನಮೋ ಪರೀಕ್ಷಿಸುವ ಹಳೆಯ ರೂಢಿಯನ್ನು ಬಿಟ್ಟೇಬಿಡಿ. ಆ ಕ್ಷಣ ವೋಲ್ಟೇಜ್ ಹಾರಿ ಕಂಟ್ರೋಲ್ ಯೂನಿಟ್‌ಗಳನ್ನು ಸುಡಬಹುದು.

ಟ್ರಾನ್ಸ್‌ಫರ್ ಕೇಸಿನ ಮೋಟರ್

ಈ ಗಾಡಿಗಳಿಗೇ ವಿಶೇಷವಾದ ಕೆಲಸ ಇದು, ಅಪಾಯವೂ ಇಲ್ಲೇ ಹೆಚ್ಚು. ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ. ಡ್ಯಾಶಿನ ಗುಂಡಿ ತಿರುಗಿಸಿದರೆ 2ಎಚ್ (ಎರಡು ಗಾಲಿಗೆ ಬಲ), 4ಎಚ್ (ನಾಲ್ಕೂ ಗಾಲಿಗೆ, ಹೈ ಗೇರು), 4ಎಲ್ (ನಾಲ್ಕೂ ಗಾಲಿಗೆ, ಲೋ ಗೇರು) ಬದಲಾಗುವ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸಿನ ಪಕ್ಕ ಅಥವಾ ಹಿಂದೆ ಒಂದು ಚಿಕ್ಕ ಮೋಟರ್ ಇರುತ್ತದೆ. ಕೇಸಿನಿಂದ ಹೊರಬಂದ ಶಾಫ್ಟನ್ನು ಅದು ತಿರುಗಿಸುತ್ತದೆ. ಶಾಫ್ಟ್ ಯಾವ ಸ್ಥಾನದಲ್ಲಿದೆ ಎಂಬುದನ್ನು ಮೋಟರಿನೊಳಗಿನ ಸೆನ್ಸರ್ ಕಂಟ್ರೋಲ್ ಯೂನಿಟ್ಟಿಗೆ ತಿಳಿಸುತ್ತದೆ. ಆದ್ದರಿಂದ ಕಪ್ಲರಿನಲ್ಲಿ ಎರಡು ದಪ್ಪ ವೈರು ಮೋಟರಿನದು, ತೆಳ್ಳನೆಯವು ಸೆನ್ಸರಿನದು.

4ಎಚ್‌ಗೂ 4ಎಲ್‌ಗೂ ನಡುವೆ ನ್ಯೂಟ್ರಲ್ ಸ್ಥಾನ ಬರುತ್ತದೆ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್‌ಬಾಕ್ಸಿಗೂ ಗಾಲಿಗಳಿಗೂ ಸಂಬಂಧವೇ ಕಡಿದಂತೆ. ಗಾಡಿಯನ್ನು ಮೊದಲನೇ ಗೇರಿಗೆ ಹಾಕಿದ್ದರೂ, ಆಟೋಮ್ಯಾಟಿಕ್‌ನಲ್ಲಿ ಪಾರ್ಕ್‌ಗೆ ಹಾಕಿದ್ದರೂ ಅದು ಉರುಳುತ್ತದೆ. ಹ್ಯಾಂಡ್‌ಬ್ರೇಕನ್ನೇ ನೆಚ್ಚಿಕೊಳ್ಳುವುದೂ ಸಾಲದು. ಲ್ಯಾಂಡ್ ರೋವರ್ ಡಿಫೆಂಡರಿನ ಹಳೆಯ ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಇರುವುದು ಗಾಲಿಯಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಹಿಂದಿನ ಒಂದು ಗಾಲಿಯನ್ನು ಜಾಕಿನಲ್ಲಿ ಎತ್ತಿದರೆ ಡಿಫರೆನ್ಷಿಯಲ್ (ಎಡ, ಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಆ ಗಾಲಿಯನ್ನು ತಿರುಗಲು ಬಿಡುತ್ತದೆ, ಗಾಡಿ ಜರುಗುತ್ತದೆ. ಹಾಗಾಗಿ ಯಾವ ಗಾಡಿಯಾದರೂ ಸರಿ, ಸಮತಟ್ಟಾದ ಗಟ್ಟಿ ನೆಲ, ನಾಲ್ಕೂ ಗಾಲಿಗೆ ಹಿಂದೆ ಮುಂದೆ ಮರದ ದಿಮ್ಮಿ. ಆಮೇಲೆ ಕೆಳಗೆ ಮಲಗುವ ಮಾತು.

ಬಿಚ್ಚುವ ಮೊದಲು ಸಾಧ್ಯವಾದರೆ ಗುಂಡಿಯನ್ನು ಕೈಪಿಡಿ ಹೇಳುವ ಸ್ಥಾನಕ್ಕೆ ತನ್ನಿ, ಸಾಮಾನ್ಯವಾಗಿ ಅದು 2ಎಚ್ ಅಥವಾ 4ಎಚ್. ಆಮೇಲೆ ಕೀ ಆಫ್, ಬ್ಯಾಟರಿಯ ಮೈನಸ್ ಬಿಚ್ಚಿ. ಮೋಟರಿನ ಬೋಲ್ಟುಗಳು ಮೂರೋ ನಾಲ್ಕೋ ಇರುತ್ತವೆ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಹೊತ್ತು ಕೊಡಿ. ಅಲ್ಯೂಮಿನಿಯಂ ಕೇಸಿನಲ್ಲಿ ಕಬ್ಬಿಣದ ಬೋಲ್ಟು ಮುರಿದರೆ ಆ ದಿನ ಮುಗಿದಂತೆ. ಮೋಟರ್ ಹೊರಗೆ ಬಂದಾಗ ಶಾಫ್ಟಿನ ತುದಿ ಕಾಣುತ್ತದೆ: ಕೆಲವಲ್ಲಿ ತ್ರಿಕೋನ, ಕೆಲವಲ್ಲಿ ಒಂದು ಬದಿ ಚಪ್ಪಟೆ. ಅದು ಯಾವ ಕಡೆ ಮುಖ ಮಾಡಿದೆ ಎಂದು ಫೋಟೋ ತೆಗೆದು, ಕೇಸಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ.

ಈಗ ಮುಖ್ಯ ಪರೀಕ್ಷೆ. ಶಾಫ್ಟನ್ನು ಸೂಕ್ತ ಸ್ಪ್ಯಾನರಿನಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಒಂದೊಂದು ಸ್ಥಾನದಲ್ಲಿ ಕಚ್ಚಿಕೊಳ್ಳುತ್ತಾ ತಿರುಗಿದರೆ ಕೇಸ್ ಚೆನ್ನಾಗಿದೆ, ತಪ್ಪು ಮೋಟರಿನದು ಅಥವಾ ವೈರಿನದು. ಶಾಫ್ಟೇ ಬಿಗಿದುಕೊಂಡಿದ್ದರೆ ಹೊಸ ಮೋಟರ್ ಹಾಕಿದರೂ ಅದೂ ಸುಟ್ಟುಹೋಗುತ್ತದೆ. ಹಳೆಯ ಮೋಟರಿನ ಎರಡು ದಪ್ಪ ಪಿನ್ನಿಗೆ ಫ್ಯೂಸು ಇರುವ ವೈರಿನಲ್ಲಿ 12 ವೋಲ್ಟ್ ಒಂದು ಕ್ಷಣ ಕೊಡಿ. ತಿರುಗಬೇಕು, ವೈರು ಅದಲುಬದಲು ಮಾಡಿದರೆ ಹಿಂದಕ್ಕೆ ತಿರುಗಬೇಕು. ಎರಡೂ ಆದರೆ ಮೋಟರ್ ಬದುಕಿದೆ, ಸೆನ್ಸರ್ ಅಥವಾ ಕಪ್ಲರ್ ನೋಡಿ.

ಹೊಸದನ್ನು ಕೂರಿಸುವಾಗ ಶಾಫ್ಟ್ ಮತ್ತು ಮೋಟರಿನ ರಂಧ್ರ ತಾವಾಗಿ ಹೊಂದಿಕೊಂಡು ಮುಖಕ್ಕೆ ಮುಖ ಕೂರಬೇಕು. ಸಂದಿ ಉಳಿದಿದ್ದರೆ ಬೋಲ್ಟಿನಿಂದ ಎಳೆದು ಕೂರಿಸಬೇಡಿ, ಶಾಫ್ಟನ್ನು ಗುರುತಿನ ಗೆರೆಗೆ ತಂದು ಮತ್ತೆ ಪ್ರಯತ್ನಿಸಿ.

ಆರದ 4ಡಬ್ಲ್ಯೂಡಿ ದೀಪ, ಹಬ್ಬಿನ ಸೆನ್ಸರ್

2ಎಚ್‌ಗೆ ಬಂದರೂ ಡ್ಯಾಶಿನ ದೀಪ ಮಿನುಗುತ್ತಲೇ ಇದೆ ಎಂದರೆ ಎಲ್ಲರೂ ಮೊದಲು ದೂರುವುದು ಟ್ರಾನ್ಸ್‌ಫರ್ ಕೇಸಿನ ಮೇಲಿನ ಇಂಡಿಕೇಟರ್ ಸ್ವಿಚ್ಚನ್ನು. ಆದರೆ ತಪ್ಪು ಅದರದಲ್ಲದಿರಬಹುದು. ಗಟ್ಟಿ ರಸ್ತೆಯಲ್ಲಿ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕುವ) ಫೋರ್ ವೀಲ್ ಡ್ರೈವ್ ಹಾಕಿ ತಿರುವು ತೆಗೆದುಕೊಂಡರೆ ಮುಂದಿನ ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಓಡಿ ಶಾಫ್ಟುಗಳಲ್ಲಿ ತಿರುಚು ಬಲ ಕೂಡಿಕೊಳ್ಳುತ್ತದೆ. ಗೇರಿನ ಹಲ್ಲುಗಳು ಬಿಗಿದುಕೊಂಡು ಬಿಟ್ಟುಕೊಡುವುದಿಲ್ಲ, ಸ್ವಿಚ್ಚು ಇರುವುದನ್ನು ಇರುವಂತೆ ಹೇಳುತ್ತಿದೆ. ಒಂದಿಷ್ಟು ದೂರ ನೇರವಾಗಿ ರಿವರ್ಸ್ ತೆಗೆದರೆ ಬಿಗಿತ ಬಿಟ್ಟು ದೀಪ ಆರುತ್ತದೆ. ಅದಾಗಿಯೂ ಆರದಿದ್ದರೆ ಆಗ ಸ್ವಿಚ್ಚಿನ ಕಂಟಿನ್ಯುಟಿ (ಕರೆಂಟಿನ ದಾರಿ ಕಡಿಯದೆ ಇದೆಯೇ ಎಂದು) ನೋಡಿ. ಅದು ಎಣ್ಣೆಯ ಮಟ್ಟದ ಕೆಳಗಿದ್ದರೆ ಬಿಚ್ಚಿದಾಗ ಎಣ್ಣೆ ಬರುತ್ತದೆ, ತಟ್ಟೆ ಇಟ್ಟುಕೊಳ್ಳಿ, ವಾಷರ್ ಹೊಸದು ಹಾಕಿ, ಎಣ್ಣೆ ಸರಿದೂಗಿಸಿ.

ಹಬ್ಬಿನ (ಗಾಲಿಯ ನಡುಭಾಗದ) ವೀಲ್ ಸ್ಪೀಡ್ ಸೆನ್ಸರಿನಲ್ಲಿ, ಅಂದರೆ ಗಾಲಿಯ ವೇಗ ಅಳೆಯುವ ಸೆನ್ಸರಿನಲ್ಲಿ, ಎರಡು ಬಗೆ. ಕಾಯಿಲ್ ಇರುವ ಹಳೆಯ ಬಗೆಯನ್ನು ಓಮ್‌ನಲ್ಲಿ ನೋಡಬಹುದು, ಗಾಲಿ ಕೈಯಲ್ಲಿ ತಿರುಗಿಸಿದರೆ ಎಸಿ ವೋಲ್ಟೇಜ್ ಹುಟ್ಟುತ್ತದೆ. ಒಳಗೆ ಸರ್ಕ್ಯೂಟ್ ಇರುವ ಹೊಸ ಬಗೆಗೆ ಓಮ್ ಮೀಟರ್ ಹಿಡಿಯಬಾರದು. ತುಕ್ಕಿನಲ್ಲಿ ಕಚ್ಚಿಕೊಂಡ ಸೆನ್ಸರನ್ನು ಸುತ್ತಿಗೆಯಿಂದ ಹೊಡೆದರೆ ತಲೆ ಒಳಗೇ ಉಳಿದುಬಿಡುತ್ತದೆ. ಎಣ್ಣೆ ಹಾಕಿ ಎಡಬಲ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಮೇಲಕ್ಕೆತ್ತಿ. ಹೊಸದು ಹಾಕುವ ಮುಂಚೆ ರಂಧ್ರದ ತುಕ್ಕು ತೆಗೆಯದಿದ್ದರೆ ಸೆನ್ಸರ್ ಪೂರ್ತಿ ಒಳಗಿಳಿಯದೆ ಅಂತರ ಹೆಚ್ಚಾಗಿ, ಹೊಸ ಸೆನ್ಸರ್ ಇದ್ದೂ ಎಬಿಎಸ್ ದೀಪ ಉರಿಯುತ್ತದೆ. ವೈರನ್ನು ಮೊದಲಿದ್ದ ಕ್ಲಿಪ್ಪುಗಳಲ್ಲೇ ಸಿಕ್ಕಿಸಿ ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ ನೋಡಿ, ಎಲ್ಲೂ ಎಳೆಯಬಾರದು, ಟೈರಿಗೆ ಉಜ್ಜಬಾರದು.

ಬ್ಯಾಟರಿ ಮತ್ತೆ ಹಾಕಿದ ಮೇಲೆ ಕೆಲವು ಗಾಡಿಗಳಲ್ಲಿ ಕಿಟಕಿಯ ಆಟೋ ಏರಿಳಿತ, ಸ್ಟಿಯರಿಂಗ್ ಕೋನ ಇವನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ಫೋರ್ ವೀಲ್ ಡ್ರೈವನ್ನು ಪರೀಕ್ಷಿಸುವುದು ಡಾಂಬರಿನ ಮೇಲಲ್ಲ, ಸಡಿಲ ಮಣ್ಣು ಅಥವಾ ಹುಲ್ಲಿನ ಮೇಲೆ. ದಿಮ್ಮಿ ತೆಗೆದು, 2ಎಚ್‌ನಿಂದ 4ಎಚ್‌ಗೆ ನೇರ ಓಟದಲ್ಲಿ, 4ಎಲ್‌ಗೆ ಗಾಡಿ ನಿಲ್ಲಿಸಿ ಗೇರ್ ನ್ಯೂಟ್ರಲ್‌ನಲ್ಲಿಟ್ಟು. ಪ್ರತಿ ಸಲವೂ ಕೆಳಗಿನಿಂದ ಮೋಟರ್ ಗುಂಯ್ ಎಂದು ತಿರುಗಿ ನಿಲ್ಲುವ ಸದ್ದು ಕೇಳಬೇಕು, ಅದರ ಹಿಂದೆಯೇ ದೀಪ ಮಿನುಗುವುದನ್ನು ಬಿಟ್ಟು ಸ್ಥಿರವಾಗಿ ಉರಿಯಬೇಕು.